ನೀನು ಎತ್ತಿದ ಎಡಗೈ

ಅತ್ತೀ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಸಹಿಸಿಕೋ. ಹೇಗಿದ್ದೀ ಎಂದು ಕೇಳುವುದಿಲ್ಲ. ಈಗ ನೀನಿರುವ ಕಡೆ ಮೊಣಕಾಲು ನೋವಿಲ್ಲ ಎಂದು ಪಾಸ್ಟರಯ್ಯ ಹೇಳುತ್ತಲೇ ಇರುತ್ತಾರೆ. ನನ್ನ ಕಷ್ಟ ಬೇರೆ. ನೀನು ಹೋಗಿ ವರ್ಷವಾಗುತ್ತಾ ಬಂತು. ಅಂದಿನಿಂದ ದಿನಾ ಬೆಳಿಗ್ಗೆ, ನೀನು ಹೇಳಿಕೊಟ್ಟ ಹಾಗೆ, ಆಮೆನ್ ಆದ ಮೇಲೂ ಏಳದೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಏನು ಕೇಳಿಸುತ್ತದೆ ಗೊತ್ತೇನು? ಪಕ್ಕದ ಮನೆಯ ಕುಕ್ಕರಿನ ಸೀಟಿ. ನೀರಿನ ಟ್ಯಾಂಕರಿನ ಹಾರ್ನು. ದೇವರಂತೂ ಈವರೆಗೆ ತುಟಿ ಪಿಟಕ್ಕೆಂದಿಲ್ಲ.

ನಾನು ಹೊಳಗುಂದಕ್ಕೆ ನಿನ್ನ ಸೊಸೆಯಾಗಿ ಬಂದ ಮೊದಲ ವಾರದ ಪ್ರಾರ್ಥನಾ ಕೂಟ ನೆನಪಿದೆಯಾ? ಆದೋನಿಯ ಚರ್ಚಿನಲ್ಲಿ ಬೆಳೆದವಳು ನಾನು. ತೆಲುಗಿನಲ್ಲಿ ಪ್ರಾರ್ಥನೆ ಹಿಡಿದರೆ ಅರ್ಧ ಗಂಟೆ ನಿಲ್ಲುತ್ತಿರಲಿಲ್ಲ. ಓಣಿಯ ಹೆಂಗಸರು ಬೆರಗಾಗಿ ನೋಡಿದರು. ಎಲ್ಲರೂ ಹೋದ ಮೇಲೆ ನೀನು ಚಾಪೆ ಸುತ್ತುತ್ತಾ ಅಂದೆ: "ಭಾಳ ಛಲೋ ಮಾಡಿದಿ. ಆದ್ರ ಆತಗೂ ಒಂದೀಟು ಸಂದು ಕೊಡವಾ. ಆತನೂ ಏನಾರ ಅನ್ನಬೇಕಂತಿರತಾನ." ನನಗೆ ಮೈಯೆಲ್ಲ ಉರಿಯಿತು. ಕನ್ನಡದಲ್ಲಿ ಎರಡು ಸಾಲು ಗೊಣಗಿ ಗೋಡೆಗೆ ಒರಗಿ ಕೂರುವವಳು ನನಗೆ ಪ್ರಾರ್ಥನೆ ಕಲಿಸುತ್ತಾಳಾ ಎಂದುಕೊಂಡೆ. ಅಪ್ಪನ ಅಕ್ಕನೇ ಅತ್ತೆಯಾದ ಸಲಿಗೆಯಲ್ಲಿ ಹಾಗೆಂದು ನಿನ್ನ ಮುಖಕ್ಕೇ ಹೇಳಿಯೂಬಿಟ್ಟೆ. ನೀನು ನಕ್ಕೆ.

ಮಾಳಿಗೆಯ ಮೇಲೆ ಶೇಂಗಾ ಒಣಗಿಸುವ ದಿನಗಳಲ್ಲಿ ನಿನ್ನದೊಂದು ರೂಢಿಯಿತ್ತು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ಒಳಗೆ ಬೀಜ ಗಲಗಲ ಅಂದರೆ ಚೀಲಕ್ಕೆ ತುಂಬಬಹುದು. ಸದ್ದಿಲ್ಲದಿದ್ದರೆ ಇನ್ನೂ ಹಸಿ, ತುಂಬಿದರೆ ಬೂಷ್ಟು ಹಿಡಿಯುತ್ತದೆ. ನಾನು ಪಕ್ಕದಲ್ಲಿ ಏನೋ ಒದರುತ್ತಿದ್ದರೆ ನೀನು ಬೈಯುತ್ತಿರಲಿಲ್ಲ, ಎಡಗೈಯನ್ನು ಅಂಗೈ ಕಾಣುವ ಹಾಗೆ ಮೇಲೆತ್ತುತ್ತಿದ್ದೆ, ಅಷ್ಟೇ. ಆ ಕೈ ಇಳಿಯುವವರೆಗೆ ನಾನು ಬಾಯಿ ಬಿಡುವಂತಿರಲಿಲ್ಲ. ದೇವರ ಮಾತು ಕೇಳುವುದೂ ಹೀಗೆಯೇ ಎನ್ನುತ್ತಿದ್ದೆ ನೀನು. ಅಷ್ಟು ಸುಲಭವಾಗಿದ್ದರೆ ನಾನು ಇಷ್ಟು ದಿನ…

ಆಸ್ಪತ್ರೆಯ ಆ ಮಧ್ಯಾಹ್ನಕ್ಕೆ ಬರುತ್ತೇನೆ. ನಿನ್ನ ಮಗಳು ಸುವಾರ್ತ ಗೋನೆಗಂಡ್ಲದಿಂದ ಬಸ್ಸು ಹತ್ತಿದ್ದಳು. ನಿನಗೆ ಮೇಲುಸಿರು ಹತ್ತಿತು. ನಾನು ಹೆದರಿದೆ, ಹೆದರಿದರೆ ನನ್ನ ದನಿ ಏರುತ್ತದೆ, ನಿನಗೆ ಗೊತ್ತಲ್ಲ. ಹಾಸಿಗೆಯ ಪಕ್ಕ ನಿಂತು ಜೋರಾಗಿ ಪ್ರಾರ್ಥನೆ ಶುರುಮಾಡಿದೆ. ನಿನ್ನ ತುಟಿ ಅಲುಗಿತು. "ಸುವಾ…" ಅಂದೆಯಾ? ಅಂದೆ. ನನಗೆ ಕೇಳಿಸಿತು. ಆದರೂ ಸ್ತೋತ್ರಂ, ಸ್ತೋತ್ರಂ ಎಂದು ಇನ್ನೂ ದನಿ ಏರಿಸಿದೆ. ಆಗ ನಿನ್ನ ಎಡಗೈ ಮೇಲೆದ್ದಿತು. ಚರ್ಚಿನಲ್ಲಿ ನಾವೆಲ್ಲ ಕೈಯೆತ್ತಿ ಸ್ತುತಿಸುತ್ತೇವಲ್ಲ, ನೀನೂ ಸ್ತುತಿಸುತ್ತಿದ್ದೀ ಎಂದುಕೊಂಡೆ. ಕೈ ಕೆಳಗಿಳಿದಾಗ ನೀನಿರಲಿಲ್ಲ.

ಅರ್ಧ ಗಂಟೆ ಕಳೆದು ಸುವಾರ್ತ ಬಂದಳು. ನಿನ್ನ ಪಾದ ಹಿಡಿದುಕೊಂಡೇ ನನ್ನನ್ನು ಕೇಳಿದಳು: "ಅವ್ವ ನನ್ನ ಕೇಳಿದ್ಳೇನು?" ಇಲ್ಲ, ಕೈಯೆತ್ತಿ ದೇವರನ್ನು ಸ್ತುತಿಸುತ್ತಾ ಹೋದಳು ಎಂದೆ. ಮುಂದಿನ ಭಾನುವಾರ ಚರ್ಚಿನಲ್ಲಿ ಸಾಕ್ಷಿ ಹೇಳಲು ಎದ್ದು ಅದನ್ನೇ ಹೇಳಿದೆ. ಎಲ್ಲರೂ ಅತ್ತರು, ಸುವಾರ್ತ ಒಬ್ಬಳನ್ನು ಬಿಟ್ಟು. ಆಮೇಲೆ ಅವಳು ನನಗೆ ಫೋನು ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ.

ಹೋದ ತಿಂಗಳು ಶೇಂಗಾ ಒಣಹಾಕಿದ್ದೆ. ಒಂದು ಕಾಯಿ ಕಿವಿಗೆ ಹಿಡಿದಾಗ ನನ್ನ ಮಗಳು ಶಾಲೆಯ ಸುದ್ದಿ ತೆಗೆದಳು. ನನ್ನ ಎಡಗೈ ತಾನಾಗಿ ಮೇಲೆ ಹೋಯಿತು. ಆ ಕೈ ನೋಡುತ್ತಾ ಬಿಸಿಲಲ್ಲೇ ಕೂತೆ. ನೀನು ಸ್ತುತಿಸುತ್ತಿರಲಿಲ್ಲ. ಸುಮ್ಮನಿರು, ನಾನು ಹೇಳುವುದನ್ನು ಕೇಳು ಎನ್ನುತ್ತಿದ್ದೆ. ನಿನ್ನ ಮಗಳನ್ನು ಕೇಳುತ್ತಿದ್ದೆ. ಸಾಯುವವಳಿಗೆ ಒಂದು ಮಾತಾಡಲು ನಾನು ಸಂದು ಕೊಡಲಿಲ್ಲ.

ನನ್ನ ಸಿಟ್ಟು ಯಾರ ಮೇಲೆ ಎಂದು ಈಗ ಹೇಳುತ್ತೇನೆ ಕೇಳು. ವರ್ಷವಿಡೀ, ಪ್ರಾರ್ಥನೆ ಮುಗಿಸಿ ಕಣ್ಣು ಮುಚ್ಚಿದ ಕೂಡಲೇ ನಿನ್ನ ಆ ಕೈಯೇ ಎದುರಿಗೆ ಬರುತ್ತಿತ್ತು. ಮನಸ್ಸು ಚಂಚಲ ಎಂದು ಅದನ್ನು ಪಕ್ಕಕ್ಕೆ ತಳ್ಳಿ, ದೇವರೇ ಮಾತಾಡು, ಮಾತಾಡು ಎಂದು ಗೋಗರೆದೆ. ಅವನು ದಿನಾ ಅದನ್ನೇ ತೋರಿಸುತ್ತಿದ್ದನೇ? ತೋರಿಸುವ ಬದಲು ಬಾಯಿಬಿಟ್ಟು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ನೀನಾದರೂ ಒಂದು ಕನಸಿನಲ್ಲಿ ಬಂದು… ಹೋಗಲಿ ಬಿಡು.

ಮೊನ್ನೆ ಗೋನೆಗಂಡ್ಲಕ್ಕೆ ಹೋದೆ. ಸುವಾರ್ತ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಾ ಎನ್ನಲಿಲ್ಲ. ಎದುರಿಗೆ ಕೂತು, ನೀನು ಅವಳ ಹೆಸರು ಹಿಡಿದದ್ದು, ನಾನು ಜೋರು ಮಾಡಿದ್ದು, ನೀನು ಕೈಯೆತ್ತಿದ್ದು, ನಾನು ಇಲ್ಲ ಎಂದದ್ದು, ಎಲ್ಲ ಹೇಳಿದೆ. ಅವಳು ಮೊರದಿಂದ ಕಣ್ಣು ಎತ್ತಲಿಲ್ಲ. ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ಹಳೇ ಚಾಳಿ, ಕಣ್ಣು ಮುಚ್ಚಿ "ಪ್ರಭುವಾ" ಎಂದು ಪ್ರಾರ್ಥನೆ ಶುರುಮಾಡಿದೆ.

"ಸಾಕು," ಎಂದಳು. ಕಣ್ಣು ಬಿಟ್ಟು ನೋಡಿದರೆ ಅವಳ ಎಡಗೈ ಮೇಲೆದ್ದಿತ್ತು, ಥೇಟ್ ನಿನ್ನದೇ. ನಾನು ಬಾಯಿ ಮುಚ್ಚಿದೆ. ಎಷ್ಟೋ ಹೊತ್ತಾದ ಮೇಲೆ ಆ ಕೈ ಇಳಿಯಿತು.

"ಕೇಳಿದ್ಳಲ್ಲ ನನ್ನ," ಎಂದಳು. "ಕಡೀಗೆ ಅವ್ವಗ ನಾ ನೆನಪ ಬರಲಿಲ್ಲ ಅಂತ ವರ್ಷೆಲ್ಲ ಸುಟಗೊಂಡೀನಿ."

ಆಮೇಲೆ ಬೈದಳು, ಅತ್ತಳು, ನೀನು ಅವಳ ಬಾಣಂತನ ಮಾಡಿದ್ದರಿಂದ ಹಿಡಿದು ಎಲ್ಲ ಹೇಳಿದಳು. ಆದೋನಿಯ ಬಸ್ಸು ಬಂದು ಹೋಯಿತು. ನಾನು ಏಳಲಿಲ್ಲ, ನಡುವೆ ಒಂದು ಮಾತೂ ಆಡಲಿಲ್ಲ. ನೀನು ನಂಬುವುದಿಲ್ಲ, ಬೇಕಾದರೆ ಅವಳನ್ನೇ ಕೇಳು.

ಬರುವ ಭಾನುವಾರ ಅವಳೂ ಬರುತ್ತಾಳೆ. ಚರ್ಚಿನಲ್ಲಿ ಎದ್ದು ನಿಂತು ನನ್ನ ಆ ಸಾಕ್ಷಿಯನ್ನು ತಿದ್ದುತ್ತೇನೆ ಅತ್ತಿ. ಎರಡೇ ಸಾಲು, ಕನ್ನಡದಲ್ಲಿ. ಹೇಳಿ ಕೂತುಬಿಡುತ್ತೇನೆ.

ನಿನ್ನ ಬಾಯಿಬಡುಕ ಸೊಸೆ