ಗೋದಲಿ ಬರಿದಾಗಿತ್ತು

ಸೊಕ್ಕೆ,
ಮಾರ್ಚ್ 20, ಗುರುವಾರ

ಮನೆಯವರಿಗೆ,

ದುರ್ಗಾಂಬಿಕಾ ಮಾಡುವ ನಮಸ್ಕಾರಗಳು. ನನ್ನ ಅಕ್ಷರ ಚೆನ್ನಾಗಿಲ್ಲ, ತಪ್ಪುಗಳೂ ಇರುತ್ತವೆ, ಬೇಸರ ಮಾಡಿಕೊಳ್ಳಬೇಡಿ. ಐದನೇ ಕ್ಲಾಸು ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಡೇರಿಯ ಪುಸ್ತಕದಲ್ಲಿ ನಿಮ್ಮ ಹೆಸರು ಮಾತ್ರ. ಈ ಕಾಗದವನ್ನು ಎರಡು ಸಲ ಬರೆದು ಹರಿದಿದ್ದೇನೆ, ಇದು ಮೂರನೆಯದು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀವು "ಹ್ಞೂಂ, ಹೇಳು" ಅಂದ ಕೂಡಲೇ ನಾನು ಊಟ ಆಯಿತಾ ಅಂತ ಕೇಳುತ್ತೇನೆ, ನೀವು "ಆತು" ಅಂದು ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಇಡಲು ಆಗುವುದಿಲ್ಲ. ಹರಿದು ಹಾಕಬಹುದು, ಆದರೆ ಅದಕ್ಕೆ ಮೊದಲು ಓದಿಯೇ ಇರುತ್ತೀರಿ.

ಮೊದಲು ಕ್ಷೇಮ ಸಮಾಚಾರ ಬರೆಯಬೇಕು ಅಂತ ಮೇಷ್ಟ್ರು ಕಲಿಸಿದ್ದರು. ಬರೆಯಲು ಏನೂ ಇಲ್ಲ.

ನಿನ್ನೆ ನಿಮ್ಮ ಗೆಳೆಯ ಜಂಪಣ್ಣ ಇಲ್ಲಿಗೆ ಬಂದಿದ್ದರು. ಜಗಲಿಯ ಮೇಲೆ ಕುಳಿತು ಟೀ ಕುಡಿದು, ಲೋಟ ಕೆಳಗಿಟ್ಟು, ನಮ್ಮ ಅಪ್ಪನಿಗೆ ಹೇಳಿದರು: "ಯುಗಾದಿ ಆದ್ಮ್ಯಾಲೆ ನ್ಯಾಮತಿಗೆ ಬರ್ರಿ ಬೈಲಪ್ಪಾರೆ. ಗಾಡಿ ಓಟದ ಕಮಿಟಿಯೋರು, ಊರಾಗಿನ ನಾಕು ಮಂದಿ ಇರ್ತಾರೆ. ಅವರ ಮುಂದೆ ಒಂದು ಮಾತು. ಎಳೆ ಜೋಳ ಹಾಕಿ ಎತ್ತು ಕೊಂದಿದ್ದು ನಾನೇ, ತಪ್ಪಾತು ಅಂತ. ಅಷ್ಟೇ. ಮಗಳ್ನ ಅವತ್ತೇ ಮನಿ ತುಂಬ್ಸ್ಕಂತಾರೆ."

ಅಪ್ಪ "ಆತು" ಅಂದ. ಒಳಗಿಂದ ಅವ್ವನಿಗೆ ತಡೆಯಲಾಗಲಿಲ್ಲ. "ಒಂದು ಎತ್ತಿಗೆ ಕೊಡಾ ಮರ್ಯಾದಿನ ಮನ್ಷಂಗೂ ಕೊಡ್ರಪ್ಪಾ" ಅಂದಳು. ಅದಕ್ಕೆ ಜಂಪಣ್ಣ ನಕ್ಕು, "ಕರಿಯಕ್ಕಾ, ಅದು ಎತ್ತಲ್ಲ, ಗರುಡ" ಅಂದರು.

ಅದಕ್ಕೇ ಈ ಕಾಗದ. ಅಪ್ಪ ನ್ಯಾಮತಿಗೆ ಬರಬಾರದು. ನೀವು ಕರೆಸಬಾರದು. ಯಾಕೆ ಅಂತ ಬರೆಯುತ್ತೇನೆ, ಪೂರ್ತಿ ಓದಿ.

ಮದುವೆಗೆ ಮೊದಲು ನೀವು ನಾಲ್ಕು ವರ್ಷ ಬೆಂಗಳೂರಿನಲ್ಲಿ ರೇಸ್ ಕುದುರೆಗಳನ್ನು ನೋಡಿಕೊಳ್ಳುವ ಸೈಸ್ ಆಗಿದ್ದಿರಿ. ಹೊಸದರಲ್ಲಿ ನಿಮ್ಮ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಒಳ್ಳೆಯ ಟ್ರೇನರ್ ಕುದುರೆಯನ್ನು ಓಡಿಸಿ ಗೆಲ್ಲಿಸುವುದಿಲ್ಲ, ನಿಲ್ಲಿಸಿ ಗೆಲ್ಲಿಸುತ್ತಾನೆ ಅನ್ನುತ್ತಿದ್ದಿರಿ. ದೊಡ್ಡ ರೇಸ್ ಓಡಿದ ಕುದುರೆಗೆ ಮೂರು ವಾರ ಬಿಡುವು, ಕೆಲವಕ್ಕೆ ಒಂದು ತಿಂಗಳು. ಯಾವ ರೇಸಿಗೆ ಹೋಗಬೇಕು ಅನ್ನುವುದು ಯಾರಿಗಾದರೂ ಗೊತ್ತಾಗುತ್ತದೆ, ಯಾವುದನ್ನು ಬಿಡಬೇಕು ಅನ್ನುವುದೇ ವಿದ್ಯೆ ಅಂತ ಹೇಳಿದ್ದಿರಿ. ನೀವು ಸಾಕಿದ ಒಂದು ಕಂದು ಹೆಣ್ಣು ಕುದುರೆಯ ಕಥೆ ಹೇಳಿದ್ದಿರಿ. ಅದರ ಯಜಮಾನ ಬಂದ ನೆಂಟರಿಗೆ ತೋರಿಸಬೇಕು ಅಂತ ಹತ್ತೇ ದಿನಕ್ಕೆ ಮತ್ತೆ ಓಡಿಸಿದ. ಗೆದ್ದಿತು. ಆಮೇಲೆ ವರ್ಷವೆಲ್ಲ ಕಾದಿದ್ದ ದೊಡ್ಡ ರೇಸಿನಲ್ಲಿ ಕೊನೆಗೆ ಬಂತು, ಮತ್ತೆ ಮೇಲೇಳಲಿಲ್ಲ. "ಜಾಕಿಗೆ ಬೈದ್ರು, ಲಾಳ ಹೊಡೆದೋನಿಗೆ ಬೈದ್ರು. ತಾರೀಕಿಗೆ ಯಾರೂ ಬೈಲಿಲ್ಲ ನೋಡು ದುರ್ಗಿ" ಅನ್ನುವಾಗ ನಿಮ್ಮ ಕಣ್ಣು ಒದ್ದೆಯಾಗಿತ್ತು. ನಿಮ್ಮ ಮೇಲೆ ನನಗೆ ಮನಸ್ಸು ಬಂದದ್ದು ಆ ದಿನ. ಅದಕ್ಕೆ ಮೊದಲು ಹೆದರಿಕೆ ಇತ್ತು, ಈಗಲೂ ಅದೇ ಇದೆ.

ಓಡಿದ ಮಾರನೆಯ ಬೆಳಗ್ಗೆ ಟ್ರೇನರ್ ಬಂದು ಮೊದಲು ನೋಡುವುದು ಕುದುರೆಯ ಕಾಲನ್ನಲ್ಲ, ಅದು ತಿನ್ನುವ ಬಾನಿಯನ್ನು ಅಂತಲೂ ನೀವೇ ಹೇಳಿಕೊಟ್ಟಿರಿ. ಹಾಕಿದ್ದನ್ನು ನೆಕ್ಕಿ ಖಾಲಿ ಮಾಡಿದ್ದರೆ ಸುಧಾರಿಸಿಕೊಂಡಿದೆ. ಉಳಿಸಿದ್ದರೆ ದಣಿವು ಇನ್ನೂ ಒಳಗೇ ಇದೆ, ಆ ಕುದುರೆಯ ಹೆಸರನ್ನು ಮುಂದಿನ ರೇಸಿಗೆ ಕೊಡಬಾರದು.

ಗರುಡ, ಹಂಸ ಎರಡು ಎತ್ತುಗಳು ಬಂದ ಮೇಲೆ ಅದೇ ಕಾಯಿದೆಯನ್ನು ನಮ್ಮ ಕೊಟ್ಟಿಗೆಗೂ ತಂದಿರಿ. ಒಂದು ಗಾಡಿ ಓಟಕ್ಕೂ ಇನ್ನೊಂದಕ್ಕೂ ನಡುವೆ ಎರಡು ವಾರ ಕಡಿಮೆ ಇರಬಾರದು. ಬೆಳಗ್ಗೆ ಅವು ತಿನ್ನುವ ಗೋದಲಿ ನೋಡುವ ಕೆಲಸ ನನ್ನದು. ನೀವು ಹಾಸಿಗೆಯಲ್ಲಿದ್ದುಕೊಂಡೇ "ಬರೀದೈತಾ?" ಅಂತ ಕೂಗುತ್ತಿದ್ದಿರಿ. ನಾನು ಕೊಟ್ಟಿಗೆಯಿಂದ "ಬರೀದೈತೆ" ಅನ್ನುತ್ತಿದ್ದೆ. ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇದ್ದದ್ದು ಅದೊಂದಕ್ಕೆ. ಹಾಗಾಗಿ ಆ ಮಾತನ್ನು ನಾನು ಸುಳ್ಳಾಡದೆ ಹೇಳುತ್ತಿದ್ದೆ.

ಜನವರಿ 26ಕ್ಕೆ ಚನ್ನಗಿರಿಯಲ್ಲಿ ಗೆದ್ದಿರಿ. ಅವತ್ತಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಗರುಡನ ಕೊರಳಿಗೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳಲು ಬರುವವರು, ಜಂಪಣ್ಣನ ಫೋನಿಗೆ ಬರುವ ಕರೆಗಳು. ಅವರೇ ಅಡುಗೆಮನೆಯ ಕ್ಯಾಲೆಂಡರನ್ನು ತೆಗೆದು ಪಡಸಾಲೆಗೆ ಹಾಕಿದರು, ಓಟದ ತಾರೀಕುಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ನಾನು ಹಾಲು ಹಾಕಿದ ದಿನಕ್ಕೆ ಗೀಟು ಎಳೆಯುತ್ತಿದ್ದ ಕ್ಯಾಲೆಂಡರ್ ಅದು. ಚನ್ನಗಿರಿಯಾದ ಹದಿನಾಲ್ಕು ದಿನಕ್ಕೆ ಹೊನ್ನಾಳಿ. ಅದಾದ ಏಳು ದಿನಕ್ಕೆ ನ್ಯಾಮತಿ. ಮೂರೇ ದಿನಕ್ಕೆ ಮತ್ತೆ ಚನ್ನಗಿರಿ. ನಾಲ್ಕು ದಿನಕ್ಕೆ ಸೊಕ್ಕೆ. ನ್ಯಾಮತಿಯಲ್ಲಿ ಓಡಿ ಬಂದ ದಿನ ಗರುಡನ ಮುಂಗಾಲು ಮುಟ್ಟಿದರೆ ಒಲೆಯ ಮೇಲಿನ ಹಂಚು ಮುಟ್ಟಿದ ಹಾಗಿತ್ತು. ಹೇಳಿದೆ. "ಅರಿಶಿಣ ಹಚ್ಚು" ಅಂದಿರಿ. ಕಂದು ಕುದುರೆಗೆ ಅತ್ತವರು ನೀವೇನಾ ಅಂತ ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಫೆಬ್ರವರಿ 20, ಗುರುವಾರ ಬೆಳಗ್ಗೆ ಗರುಡ ಅರ್ಧಕ್ಕರ್ಧ ಹುರುಳಿ ಬಿಟ್ಟಿದ್ದ. "ಅರ್ಧ ಬಿಟ್ಟೈತೆ" ಅಂದೆ. ಜಂಪಣ್ಣ ಅಲ್ಲೇ ಇದ್ದರು. "ಎತ್ತು ನೋಡಿ ಓಟಕ್ಕೆ ಹೋಗ್ತೀಯೋ, ಹೆಂಡ್ತಿ ಕೇಳಿ ಹೋಗ್ತೀಯೋ ತಿಮ್ಮೇಶಾ?" ಅಂದರು. ನೀವು ಹೇಳಿದಿರಿ: "ಶನಿವಾರದ ತನಕ ನೋಡಾಣ. ಗೋದಲಿ ಬರೀದಾಗ್ಲಿಲ್ಲ ಅಂದ್ರೆ ಸೊಕ್ಕೆ ಬಿಟ್ಟಾಕಾದು." ಅಷ್ಟರ ಮಟ್ಟಿಗೆ ನೀವು ಇನ್ನೂ ಸೈಸ್ ಆಗಿಯೇ ಇದ್ದಿರಿ. ಅದನ್ನು ಒಪ್ಪುತ್ತೇನೆ.

ಇನ್ನು ಮುಂದಿನದನ್ನು ಬರೆಯಲು ಮೊದಲ ಎರಡು ಕಾಗದಗಳಲ್ಲಿ ಧೈರ್ಯ ಬರಲಿಲ್ಲ.

ಸೊಕ್ಕೆ ನನ್ನ ತವರು. ಹದಿನಾಲ್ಕು ತಿಂಗಳಿನಿಂದ ನಾನು ಇಲ್ಲಿಗೆ ಬಂದಿರಲಿಲ್ಲ. ಕಾರ್ತಿಕದಲ್ಲಿ ಅವ್ವನಿಗೆ ಕಣ್ಣಿನ ಆಪರೇಷನ್ ಆದಾಗ ಎರಡು ದಿನ ಕಳಿಸಿ ಅಂತ ಕೇಳಿದೆ. "ಗರುಡ ನಿನ್ನ ಕೈಯಾಗೇ ತಿನ್ನಾದು, ನೀ ಹೋದ್ರೆ ಹೆಂಗೆ?" ಅಂದಿರಿ. ಕಟ್ಟು ಬಿಚ್ಚಿದ ದಿನ ಅವ್ವ ಫೋನಿನಲ್ಲಿ, "ಎಲ್ಲಾ ಚೆಂದ ಕಾಣ್ತೈತೆ, ನೀನೊಬ್ಬಳು ಕಾಣ್ತಿಲ್ಲ" ಅಂದಳು. ಸೊಕ್ಕೆಯಲ್ಲಿ ಓಟ ಇದೆ, ಎತ್ತುಗಳನ್ನು ಮಾವನ ಮನೆಯಲ್ಲೇ ಕಟ್ಟೋಣ, ನೀನೂ ಬಾ ಅಂತ ನೀವು ಹೇಳಿದ ದಿನದಿಂದ ನಾನು ಒಂದು ಸೀರೆಯನ್ನು ಮಡಿಸಿ ಇಟ್ಟುಕೊಂಡಿದ್ದೆ.

ಶುಕ್ರವಾರ ಬೆಳಗ್ಗೆ ಗೋದಲಿಯಲ್ಲಿ ಅರ್ಧ ಉಳಿದಿತ್ತು. ಶನಿವಾರ ಅದಕ್ಕಿಂತ ಹೆಚ್ಚು. ಎರಡು ದಿನವೂ ನೀವು ಕೂಗುವ ಮೊದಲೇ ಬಾಚಿ ಎಮ್ಮೆಗೆ ಹಾಕಿದೆ. ಎರಡು ದಿನವೂ "ಬರೀದೈತೆ" ಅಂದೆ. ಎಮ್ಮೆ ಹಾಲು ಜಾಸ್ತಿ ಕೊಟ್ಟಿತು. ಅತ್ತೆ ಗಾದ್ರಮ್ಮನವರು ಚೊಂಬು ಎತ್ತಿ ನೋಡಿ, "ಸೊಸಿ ತೌರಿಗೆ ಹೊಂಟ ಖುಷಿಗೆ ಎಮ್ಮಿನೂ ಉಕ್ಕತೈತೆ" ಅಂತ ನಕ್ಕರು. ನಾನೂ ನಕ್ಕೆ. ಗರುಡ ನನ್ನನ್ನೇ ನೋಡುತ್ತಾ ನಿಂತಿದ್ದ. ಅವನಿಗೆ ಕೋಪ ಇರಲಿಲ್ಲ. ಎತ್ತುಗಳಿಗೆ ಇರುವುದಿಲ್ಲ.

ಭಾನುವಾರ ಮೊದಲ ಸುತ್ತು ಗೆದ್ದಿರಿ, ಎರಡನೆಯದೂ ಗೆದ್ದಿರಿ. ಮೂರನೆಯದರಲ್ಲಿ ಗರುಡ ಗೆರೆ ದಾಟಿದ ಮೇಲೆ ಮಂಡಿಯೂರಿದ. ಜನ ಇನ್ನೂ ಶಿಳ್ಳೆ ಹೊಡೆಯುತ್ತಿದ್ದರು. ನೊಗ ಬಿಚ್ಚಿ, ಹತ್ತು ಜನ ಸೇರಿ ನಮ್ಮ ಅಂಗಳಕ್ಕೆ ತಂದರು. ಬಾಯಲ್ಲಿ ನೊರೆ, ಮೈಯೆಲ್ಲ ನಡುಕ. ದನದ ಡಾಕ್ಟರು ಬಂದು ಕಣ್ಣು, ಬಾಯಿ ನೋಡಿ ನಿಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಹಿಂದಿನ ಸಲ ಯಾವಾಗ ಓಡ್ಸಿದ್ರಿ?"

ನೀವು ಹೇಳಿದಿರಿ: "ತಿಂಗಳಾತು ಸಾರ್."

ನಾನು ನೀರಿನ ಕೊಡ ಹಿಡಿದುಕೊಂಡು ಮೂರು ಹೆಜ್ಜೆ ದೂರದಲ್ಲಿದ್ದೆ. ತಿಂಗಳಲ್ಲ, ನಾಲ್ಕು ದಿನ. ಡಾಕ್ಟರು ನಿಮ್ಮ ಮಾತು ನಂಬಿ, "ಹಂಗಾದ್ರೆ ಇದು ದಣಿವಲ್ಲ. ಏನು ತಿಂದೈತೆ?" ಅಂದರು. ಎಲ್ಲರ ಕಣ್ಣೂ ಅಂಗಳದ ಮೂಲೆಯಲ್ಲಿದ್ದ ಎಳೆ ಜೋಳದ ಕಟ್ಟಿನ ಮೇಲೆ ಬಿತ್ತು. ಕೊಯ್ದ ಜೋಳದ ಕೂಳೆ ಮತ್ತೆ ಚಿಗುರಿದರೆ ಆ ಚಿಗುರು ದನಕ್ಕೆ ವಿಷ, ಅದನ್ನು ಅಪ್ಪ ಯಾವ ದನವೂ ಬಾಯಿ ಹಾಕದಿರಲಿ ಅಂತ ಕಿತ್ತು ತಂದು ಹಾಕಿದ್ದ. ನೀವು ಅದನ್ನು ಕಾಲಿನಿಂದ ಒದ್ದು, "ಮಾವಾ, ಇದನ್ನ ಹಾಕಿದ್ರಾ?" ಅಂದಿರಿ. ನಿಮ್ಮ ಗಂಟಲಲ್ಲಿ ಏನೋ ಹಗುರಾದದ್ದು ನನಗೆ ಕೇಳಿಸಿತು.

ಅಪ್ಪ ಒಂದು ಸಲ ನನ್ನ ಕಡೆ ನೋಡಿ, "ಹ್ಞೂಂ, ನಾನೇ ಹಾಕಿದ್ದು. ಗೊತ್ತಾಗ್ಲಿಲ್ಲ" ಅಂದ.

ಗೊತ್ತಾಗಲಿಲ್ಲವಂತೆ. ಎಳೆ ಜೋಳ ಅಂದರೆ ಮೇಕೆಗೂ ಬಾಯಿಗೆ ಕುಕ್ಕೆ ಕಟ್ಟಿ ಹೊಡೆದುಕೊಂಡು ಹೋಗುವ ಮನುಷ್ಯ ನಮ್ಮ ಅಪ್ಪ. ಈ ಓಣಿಯವರು ಹೊಲಕ್ಕೆ ದನ ಬಿಡುವ ಮೊದಲು ಅವನನ್ನು ಕೇಳಿ ಬಿಡುತ್ತಿದ್ದರು. ಈಗ ಅವನು ಬಾವಿಯ ಕಡೆ ಹೋದರೆ, "ಬೈಲಪ್ಪ ಬಂದ, ದನ ಒಳಗೆ ಕಟ್ರೋ" ಅಂತ ನಗುತ್ತಾರೆ. ಅವನೂ ಜೊತೆಗೆ ನಕ್ಕು ಬರುತ್ತಾನೆ. ಬಂದು ಊಟ ಬಿಡುತ್ತಾನೆ. ಅವ್ವ ದಿನಾ ಅವನ ತಟ್ಟೆಯಲ್ಲಿ ಉಳಿದ ಅರ್ಧ ಮುದ್ದೆಯನ್ನು ತೆಗೆದಿಡುವಾಗ ನನಗೆ ಗೋದಲಿ ನೆನಪಾಗುತ್ತದೆ.

ಅವತ್ತು ಸಂಜೆ ಗರುಡ ಹೋದ ಮೇಲೆ ನೀವು ನನ್ನನ್ನು ಇಲ್ಲೇ ಬಿಟ್ಟು, ಹಂಸನನ್ನು ಗಾಡಿಗೆ ಹತ್ತಿಸಿಕೊಂಡು ಹೊರಟುಹೋದಿರಿ. "ನಿಮ್ಮಪ್ಪ ತಪ್ಪು ಒಪ್ಪಿದ್ಮ್ಯಾಲೆ ಬಾ" ಅಂದಿರಿ. ಹಂಸನಿಗೆ ಈಗಾಗಲೇ ಹೊಸ ಜೊತೆ ತಂದಿದ್ದೀರಂತೆ, ಯುಗಾದಿಗೆ ಹೊನ್ನಾಳಿ, ಆಮೇಲೆ ಐದು ದಿನಕ್ಕೆ ಇನ್ನೊಂದು ಓಟ ಅಂತ ಜಂಪಣ್ಣ ಬೆರಳು ಮಡಿಸಿ ಹೇಳಿದರು. ನಮ್ಮ ಅಪ್ಪ ನ್ಯಾಮತಿಯಲ್ಲಿ ನಾಲ್ಕು ಜನರ ಮುಂದೆ ತಲೆ ತಗ್ಗಿಸಿದರೆ ಆ ಐದು ದಿನವನ್ನು ಯಾರೂ ಕೇಳುವುದಿಲ್ಲ. ನಿಮಗೆ ಬೇಕಾದದ್ದು ಅದೇ ಅಂತ ನನಗೆ ಅನ್ನಿಸುತ್ತದೆ.

ಗರುಡನನ್ನು ಕೊಂದದ್ದು ನಾವಿಬ್ಬರು. ನೀವು ತಾರೀಕು ಮುಚ್ಚಿಟ್ಟಿರಿ, ನಾನು ಹುರುಳಿ ಮುಚ್ಚಿಟ್ಟೆ. ಇದನ್ನು ಆ ನಾಲ್ಕು ಜನರ ಮುಂದೆ ಓದಿಸಿ. ಜಂಪಣ್ಣನವರೇ ಓದಲಿ, ಅವರ ಗಂಟಲು ದೊಡ್ಡದು. ನನ್ನ ಪಾಲಿನದನ್ನು ಓದುವಾಗ ನಿಮ್ಮ ಪಾಲಿನದನ್ನು ಬಿಡಬೇಡಿ. ಓದಿದ ಮೇಲೆ ನನ್ನನ್ನು ಕರೆಸಿಕೊಳ್ಳುವುದಿಲ್ಲ ಅಂತ ನನಗೆ ಗೊತ್ತು. ಅತ್ತೆಯವರಿಗೆ ಹೇಳಿ, ಎಮ್ಮೆಯ ಎಡಗಡೆಯ ಮೊಲೆ ಆಗಾಗ ಗಟ್ಟಿಯಾಗುತ್ತದೆ, ಬಿಸಿನೀರಿನ ಬಟ್ಟೆ ಇಟ್ಟು ಹಿಂಡಬೇಕು. ಹಂಸನ ಗೋದಲಿಯನ್ನು ನೀವೇ ಎದ್ದು ಹೋಗಿ ನೋಡಿ. ಯಾರನ್ನೂ ಕೇಳಬೇಡಿ.

ಇಂತಿ,
ದುರ್ಗಾಂಬಿಕಾ
(ಬೈಲಪ್ಪನ ಮಗಳು)

ಮರೆತ ಮಾತು: ಮರೆತದ್ದಲ್ಲ, ಬಿಟ್ಟಿದ್ದೆ. ಓಟದ ದಿನ ಬೆಳಗ್ಗೆ ಇಲ್ಲಿ ಅಪ್ಪನ ಮನೆಯ ಗೋದಲಿಯೂ ತುಂಬಿತ್ತು. ಗರುಡ ಮೂಸಿಯೂ ನೋಡಿರಲಿಲ್ಲ. ಅದನ್ನೂ ಸೆರಗಿನಲ್ಲಿ ತುಂಬಿಕೊಂಡು ಹೋಗಿ ತಿಪ್ಪೆಗೆ ಹಾಕಿ ಬಂದೆ, ಯಾರೂ ನೋಡಲಿಲ್ಲ ಅಂದುಕೊಂಡೆ. ಇವತ್ತು ಬೆಳಗ್ಗೆ ಈ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಕೇಳಿ ಮುಗಿಸಿ ಅಪ್ಪ ಅಂದ: "ನೀನು ತಿಪ್ಪಿ ಕಡೆ ಹೋಗಿದ್ದು ನಾ ನೋಡಿದ್ದೆ ಕಣವ್ವಾ. ಎತ್ತು ತಿಂದಿಲ್ಲ, ಓಡ್ಸಬ್ಯಾಡ್ರಿ ಅಂತ ಅಳಿಯಂಗೆ ಹೇಳಾಕೆ ಹೋದೆ. ಹೇಳಿದ್ರೆ ನೀನು ಸುಳ್ಳಿ ಆಗ್ತಿದ್ದಿ. ಸುಮ್ನಾದೆ. ಅದಕ್ಕೇ ಕೊಂದಿದ್ದು ನಾನೇ ಅಂದಿದ್ದು, ಅದ್ರಾಗೆ ಸುಳ್ಳೇನೈತೆ? ಆ ಹುರುಳಿ ಮಾತಿರಾ ಹಾಳಿ ತೆಗೆದಾಕಿ ಕಳ್ಸು." ಹಾಗಂದು ಕೈ ಚಾಚಿದ. ನಾನು ಕೊಡಲಿಲ್ಲ. ಗೋಣಿಚೀಲ ಹೊಲಿಯುವ ದಬ್ಬಣ ತಂದು, ಎಲ್ಲ ಹಾಳೆಗಳನ್ನೂ ಒಟ್ಟಿಗೆ ಇಟ್ಟು ಸುತಲಿ ದಾರದಿಂದ ಹೊಲಿದಿದ್ದೇನೆ.