ನಿನ್ನ ಚಾಪೆಯ ಮೇಲೆ ಕೂತವನು

ಅಪ್ಪಾ,

ಮಂತ್ರಿಗಳನ್ನು ರಾಜಧಾನಿ ತರಾವಾದಲ್ಲಿರುವ ದೇಶದ ಅಧ್ಯಕ್ಷರೊಬ್ಬರೇ ಆರಿಸಬಹುದೇ ಎಂದು ಇವತ್ತು ನಮ್ಮ ದ್ವೀಪದ ಸಭಾಮನೆಯಲ್ಲಿ ಚರ್ಚೆ ನಡೆಯಿತು.

“ಒಬ್ನೇ ಆರಿಸ್ಲಿ ಬಿಡ್ರೋ, ಜಗಳಾನೇ ಇರಲ್ಲ,” ಎಂದ ಪಕ್ಕದ ಮನೆತನದ ಇಯೊಟೆಬ.

“ಹಾಗಾದ್ರೆ ಇಲ್ಲಿ ಮನೆತನಕ್ಕೊಂದು ಜಾಗ ಯಾಕೋ?” ಎಂದೆ.

ಅವನು ನಗುತ್ತಾ ಎದ್ದು ಬಂದು, ನೀನು ಸತ್ತಾಗಿನಿಂದ ಕೂರಲು ನನಗೇ ಧೈರ್ಯವಾಗದ, ನಮ್ಮ ಮನೆತನದ ಜಾಗದಲ್ಲಿರುವ ನಿನ್ನ ಚಾಪೆಯ ಮೇಲೆ ಕೂತುಬಿಟ್ಟ. “ನೋಡು, ನಾನೊಬ್ನೇ ಆರಿಸ್ಕೊಂಡೆ. ಏನ್ ಕಿತ್ಕೋತೀಯಾ?”

ಅವನ ದವಡೆ ಮುರಿದ ಸದ್ದು ಕೇಳಿದ ಮೇಲೂ ಗುದ್ದುತ್ತಲೇ ಇದ್ದೆ.

ಬೇರೆ ಮನೆತನದ ಜಾಗದಲ್ಲಿ ಕೂತವನಿಗೇನು ಶಿಕ್ಷೆ ಎಂದು ಎಲ್ಲ ಮನೆತನದ ಹಿರಿಯರೂ ಸೇರಿ ಹೇಳಬೇಕಿತ್ತು.

ಮುದುಕ ಬ್ವೆರೆ ಚಾಪೆಯ ರಕ್ತ ಒರೆಸುತ್ತಾ, “ಕೂತ್ಕೋ ಮಗಾ, ನೀನೂ ಒಬ್ನೇ ತೀರ್ಮಾನ ಮಾಡ್ಬಿಟ್ಟೆಯಲ್ಲ,” ಎಂದ.

ನಾನು ಕೂರಲಿಲ್ಲ, ಅಪ್ಪಾ. ಸಭಾಮನೆಯಿಂದ ಎದ್ದು ಬಂದವನು ಇನ್ನೂ ಹೊರಗೇ ನಿಂತಿದ್ದೇನೆ.