ಅಂಗೈಯ ಶ್ರೀಕಾರ

ರಾಮಗಿರಿ
ಸಾಧಾರಣ ಸಂವತ್ಸರದ ವೈಶಾಖ ಶುದ್ಧ ಪಂಚಮಿ

ತಂಗಿ ಏಕಾಂತಮ್ಮನಿಗೆ ಅಕ್ಕನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕ್ಷೇಮ ಕೇಳುವುದಿಲ್ಲ, ನಿನ್ನ ದುಂಡನೆಯ ಅಕ್ಷರವೇ ಹೇಳುತ್ತದೆ.

ನನ್ನ ಮಗಳು ದ್ಯಾಮಿಯನ್ನು ಹಿರಿಯೂರಿಗೆ ಕಳಿಸಿದರೆ ನೀನು ಕಲಿಸುವ ಹೆಣ್ಣುಮಕ್ಕಳ ಸ್ಕೂಲಿಗೆ ಸೇರಿಸುವುದಾಗಿ ಬರೆದಿದ್ದೀಯೆ. ಆಗುವುದಿಲ್ಲ. ಎಮ್ಮೆ ಈದಿದೆ, ಮನೆಯಲ್ಲಿ ಕೈಗೂಸಿದೆ. ಇದೆಲ್ಲ ನೆವ. ನಿಜ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು. ನಿನ್ನ ಕಾಗದ ತಂದ ಟಪಾಲಿನ ಕರಿಯಣ್ಣ ಜಗಲಿ ಮೇಲೆ ಕೂತು, "ಏನವ್ವ, ನಿಮ್ ತಂಗೀನ ಕಂಡ್ರೆ ಗಂಡಸ್ರೂ ಎದ್ದು ನಿಲ್ತಾರಂತೆ. ನೀನ್ಯಾಕೆ ಓದ್ಲಿಲ್ಲ?" ಎಂದ. "ಕಾಗದ ಕೊಟ್ಟಾತಲ್ಲ, ನಡಿ" ಎಂದೆ. ಕುಡಿಯಲು ನೀರೂ ಕೊಡಲಿಲ್ಲ.

ದ್ಯಾಮಿಗೆ ಒಲೆಯ ಬೂದಿಯಲ್ಲಿ ಅಕ್ಷರ ತಿದ್ದಿಸಿದವಳು ನಾನೇ. ಈಗ ನಾನು ತಡವರಿಸುವ ಸಾಲನ್ನು ಅವಳು ಸರಸರ ಓದಿದರೆ ಎದೆ ಚುರ್ ಎನ್ನುತ್ತದೆ. ಹೆತ್ತ ಮಗಳ ಮೇಲೆ ಹೀಗಾಗಬಾರದು. ಆಗುತ್ತದೆ, ಏನು ಮಾಡಲಿ?

ನಾವಿಬ್ಬರೂ ಅಕ್ಷರ ಕಲಿಯಲು ಹೋಗುತ್ತಿದ್ದ ಆದಿವಾಲದ ಅಯ್ಯನವರ ಕೂಲಿಮಠ ನೆನಪಿದೆಯೆ? ಮೊದಲು ಬಂದವರ ಅಂಗೈ ಮೇಲೆ ಮಸಿಯಲ್ಲಿ ಶ್ರೀ ಬರೆಯುತ್ತಿದ್ದರು. ಎರಡನೆಯವರಿಗೆ ಚುಕ್ಕಿ, ಆಮೇಲೆ ಬಂದವರಿಗೆಲ್ಲ ಛಡಿಯೇಟು. ಶ್ರೀಗಾಗಿ ನಾನು ಕತ್ತಲಲ್ಲೇ ಓಡುತ್ತಿದ್ದೆ. ಅದು ಅಳಿಸೀತೆಂದು ಎಡಗೈಯಲ್ಲಿ ಉಂಡು ಅವ್ವನಿಂದ ಬೈಸಿಕೊಳ್ಳುತ್ತಿದ್ದೆ. ಒಂದು ದಿನ ಅಪ್ಪ ನಮ್ಮಿಬ್ಬರನ್ನೂ ನಿಲ್ಲಿಸಿ, "ಒಬ್ಬಳು ಓದ್ಲಿ, ಒಬ್ಬಳು ಮನೆ ನೋಡ್ಕಳ್ಳಿ. ಕೈ ತೋರಿಸ್ರೇ" ಎಂದರು. ನಿನ್ನ ಕೈಯಲ್ಲಿ ಶ್ರೀ ಇತ್ತು, ನನ್ನ ಕೈಯಲ್ಲಿ ಬರೀ ಮಸಿಯ ಕಲೆ. ಮಾರನೆಯ ದಿನದಿಂದ ನಿನಗೆ ಪುಸ್ತಕ, ನನಗೆ ಮುಸುರೆ. ಇಪ್ಪತ್ತೆರಡು ವರ್ಷವಾಯಿತು, ಉರಿ ಆರಿಲ್ಲ.

ದ್ಯಾಮಿಯ ಮಾತು ಇನ್ನು ಎತ್ತಬೇಡ.

ಸಿಟ್ಟಿನಲ್ಲೇ ಇರುವ ನಿನ್ನ ಅಕ್ಕ,
ಉಚ್ಚಂಗೆಮ್ಮ

ಮಡಿಸಿದ ಕಾಗದ ಬಿಚ್ಚಿ ಬರೆದದ್ದು: ಇದನ್ನು ದ್ಯಾಮಿ ಓದಿಬಿಟ್ಟಳು. ಅಳಲಿಲ್ಲ, ಜಗಳವಾಡಲಿಲ್ಲ. ಹೋಗಿ ಮುಸುರೆ ತಿಕ್ಕಲು ಕೂತಳು, ಅಂದು ನಾನು ಕೂತ ಹಾಗೆಯೇ. ನೋಡಲಾಗಲಿಲ್ಲ.

ಆವತ್ತಿನ ಶ್ರೀ ನನ್ನದು. ನೀನು ಆರು ವರ್ಷದವಳು, ಮರೆತಿರುತ್ತೀಯೆ. ನಿನಗೂ ಬೇಕೆಂದು ದಾರಿಯುದ್ದಕ್ಕೂ ನೀನು ಅತ್ತೆ. ಉಗುಳಿನಲ್ಲಿ ನನ್ನ ಅಂಗೈ ನೆನೆಸಿ ನಿನ್ನ ಅಂಗೈಗೆ ಒತ್ತಿದೆ. ಶ್ರೀ ತಿರುಗುಮುರುಗಾಗಿ ಮೂಡಿತ್ತು. ಅಪ್ಪನಿಗೆ ಅಕ್ಷರ ಬಾರದು, ತಿಳಿಯಲಿಲ್ಲ. ಅದು ನನ್ನದೆಂದು ಹೇಳಿದ್ದರೆ ನಿನಗೆ ಬೀಳುತ್ತಿತ್ತು ಏಟು. ಸುಮ್ಮನಾದೆ.

ನಾಳೆ ನಮ್ಮೂರ ದಾಸಣ್ಣನ ಗಾಡಿಯಲ್ಲಿ ದ್ಯಾಮಿ ಈ ಕಾಗದ ಹಿಡಿದು ಹೊರಡುತ್ತಾಳೆ. ಓದಿ ಮುಗಿಸುತ್ತಲೇ ಅವಳ ಅಂಗೈ ನೋಡು. ನಾನೇ ಬರೆದಿದ್ದೇನೆ, ನೆಟ್ಟಗೆ.